ಅಣ್ಣನ ಹೊತ್ತಗೆಯಲ್ಲಿ ಉಳಿದ ತಮ್ಮನ ಸಂಗೀತ

ಜರ್ಮನಿಯ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಇಪ್ಪತ್ತರ ಆಸುಪಾಸಿನಲ್ಲಿ, ತಂತಿ ಮೀಟಿ ನುಡಿಯುವ ಹಳೆಯ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ಗೆಂದು ಬರೆದ ಸಂಗೀತ ಇವತ್ತು ಬೇಕೆಂದಾಗ ಕೇಳಲು ಸಿಗುತ್ತದೆ. ಆದರೆ ಧ್ವನಿಮುದ್ರಣ ಶುರುವಾಗಿ ದಶಕಗಳು ಕಳೆದರೂ ಇದನ್ನು ವಿಚಾರಿಸಿದವರು ಕಡಿಮೆ. ಅವನ ಮುಂದಿನ ವರ್ಷಗಳ ಕೃತಿಗಳಾದ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’, ‘ವೆಲ್-ಟೆಂಪರ್ಡ್ ಕ್ಲೇವಿಯರ್’ ಮತ್ತೆ ಮತ್ತೆ ಧ್ವನಿಮುದ್ರಣಗೊಂಡವು. ಎಳೆಯ ಬಾಖ್ ಹೊರಗೇ ಉಳಿದ. ಯಾಕೆಂದು ಹುಡುಕುತ್ತ ಹೋದರೆ ಮೈಕು, ವಾದ್ಯಗಳಿಗಿಂತ ಮೊದಲು ಎದುರಾಗುವುದು ಕಾಗದದ ಸಮಸ್ಯೆ.

1685ರಲ್ಲಿ ಐಸೆನಾಖ್‌ನಲ್ಲಿ ಹುಟ್ಟಿದ ಹುಡುಗನಿಗೆ ಹತ್ತು ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಓರ್ಡ್ರುಫ್‌ನಲ್ಲಿ ಆರ್ಗನ್ ವಾದಕನಾಗಿದ್ದ ಹಿರಿಯಣ್ಣ ಯೋಹಾನ್ ಕ್ರಿಸ್ಟೋಫ್ ಅವನನ್ನು ಮನೆಗೆ ಕರೆದುಕೊಂಡ. ಈ ಅಣ್ಣ ಆ ಕಾಲದ ಹೆಸರಾಂತ ರಚನಕಾರ ಪಾಖೆಲ್ಬೆಲ್‌ನ ಶಿಷ್ಯ. ಬಾಖ್ ಸತ್ತ ಮೇಲೆ, 1754ರಲ್ಲಿ ಅಚ್ಚಾದ ಶ್ರದ್ಧಾಂಜಲಿಯಲ್ಲಿ ಒಂದು ಪ್ರಸಂಗ ಬರುತ್ತದೆ. ಫ್ರೋಬರ್ಗರ್, ಕೆರ್ಲ್, ಪಾಖೆಲ್ಬೆಲ್‌ರ ಕೃತಿಗಳಿದ್ದ ಪುಸ್ತಕವನ್ನು ಅಣ್ಣ ಜಾಲರಿ ಬಾಗಿಲಿನ ಕಪಾಟಿನಲ್ಲಿ ಇಟ್ಟಿದ್ದ. ತಮ್ಮ ಪುಟ್ಟ ಕೈ ತೂರಿಸಿ, ಪುಸ್ತಕವನ್ನು ಸುರುಳಿ ಸುತ್ತಿ ಹೊರಗೆಳೆದು, ಬೆಳದಿಂಗಳಲ್ಲಿ ಆರು ತಿಂಗಳು ಕೂತು ನಕಲು ಮಾಡಿಕೊಂಡ. ವಿಷಯ ತಿಳಿದ ಅಣ್ಣ ಆ ನಕಲನ್ನು ಕಿತ್ತುಕೊಂಡ. ಜೀವನಚರಿತ್ರೆಗಳಲ್ಲಿ ಆ ಅಣ್ಣ ಕಠಿಣ ಹೃದಯದವನಾಗಿಯೇ ಉಳಿದುಬಿಟ್ಟ.

ನನಗೆ ಇದು ಅನ್ಯಾಯ ಅನ್ನಿಸುತ್ತದೆ. ತರುಣ ಬಾಖ್‌ನ ಕೀಲಿಮಣೆ ಕೃತಿಗಳ ಪೈಕಿ ಅವನದೇ ಕೈಬರಹದಲ್ಲಿ ಉಳಿದಿರುವುದು ತೀರಾ ಸ್ವಲ್ಪ. ಹೆಚ್ಚಿನವು ನಮ್ಮವರೆಗೆ ಬಂದದ್ದು ಬೇರೆಯವರು ಮಾಡಿಕೊಂಡ ನಕಲುಗಳಿಂದ. ಅವುಗಳಲ್ಲಿ ಮುಖ್ಯವಾದವು ಎರಡು ದಪ್ಪ ಹೊತ್ತಗೆಗಳು: ಬರ್ಲಿನ್‌ನಲ್ಲಿರುವ ‘ಮೊಲ್ಲರ್ ಹಸ್ತಪ್ರತಿ’, ಲೈಪ್‌ಜಿಗ್‌ನಲ್ಲಿರುವ ‘ಆಂಡ್ರೆಯಾಸ್ ಬಾಖ್ ಪುಸ್ತಕ’. ಇವೆರಡನ್ನೂ ಬಹುಪಾಲು ಬರೆದವನು ಅದೇ ಅಣ್ಣ. ಮುಂದೆ ಯಾರ ಯಾರ ಕೈಗೆ ಹೋದವೋ ಅವರ ಹೆಸರು ಪುಸ್ತಕಗಳಿಗೆ ಅಂಟಿಕೊಂಡಿತು, ಬರೆದವನ ಹೆಸರು ಮರೆಯಾಯಿತು. 1980ರ ದಶಕದಲ್ಲಿ ವಿದ್ವಾಂಸ ಹಾನ್ಸ್-ಯೋಆಖಿಮ್ ಶುಲ್ಟ್ಸೆ ಕೈಬರಹದ ಜಾಡು ಹಿಡಿದು ಅದನ್ನು ಖಚಿತಪಡಿಸಿದರು.

ಅಷ್ಟರವರೆಗೆ ಈ ಕೃತಿಗಳ ಕಾಲ, ಮೂಲಪಾಠ ಎಲ್ಲವೂ ಗೊಂದಲ. 1802ರಲ್ಲಿ ಬಾಖ್‌ನ ಮೊದಲ ಜೀವನಚರಿತ್ರೆ ಬರೆದ ಫೋರ್ಕೆಲ್, ಆರಂಭದ ಪ್ರಯತ್ನಗಳು ದೋಷಪೂರ್ಣವೆಂದು ಬದಿಗೆ ಸರಿಸಿದ್ದ. ಆ ಮಾತಿನ ನೆರಳು ನೂರೈವತ್ತು ವರ್ಷ ಬಿತ್ತು. 1950ರಲ್ಲಿ ಬಂದ, ಬಾಖ್‌ನ ಕೃತಿಗಳಿಗೆ ಸಂಖ್ಯೆ ಕೊಡುವ ಬಿಡಬ್ಲ್ಯೂವಿ ಸೂಚಿ ಅವನ್ನು ಕಾಲಾನುಕ್ರಮದಲ್ಲಿ ಅಲ್ಲ, ಸಂಗೀತ ಪ್ರಕಾರಗಳಿಗೆ ತಕ್ಕಂತೆ ಜೋಡಿಸಿತು. ಹೀಗಾಗಿ ಹದಿಹರೆಯದ ರಚನೆಯೂ ಮಾಗಿದ ವಯಸ್ಸಿನದ್ದೂ ಒಂದೇ ಸಾಲಿನಲ್ಲಿ ಕೂತವು.

ವಾದ್ಯದ ಕಥೆ ಬೇರೆ. ಹಾರ್ಪ್ಸಿಕಾರ್ಡ್ ವಾದಕಿ ವಾಂಡಾ ಲಾಂಡೊವ್‌ಸ್ಕಾ 1933ರಲ್ಲಿ ‘ಗೋಲ್ಡ್‌ಬರ್ಗ್’ ಧ್ವನಿಮುದ್ರಿಸಿದ್ದು ಪ್ಲೆಯೆಲ್ ಕಂಪನಿಯ ಭಾರಿ ಹಾರ್ಪ್ಸಿಕಾರ್ಡ್‌ನಲ್ಲಿ. ಕಾಲಲ್ಲಿ ಒತ್ತುವ ಪೆಡಲ್‌ಗಳಿದ್ದ ಅದು ಪಿಯಾನೊ ಕಾರ್ಖಾನೆಯ ಕೂಸು. ಮರದ ತೆಳು ಪೆಟ್ಟಿಗೆ, ಹಕ್ಕಿಗರಿಯ ಮೊನೆಯಿಂದ ತಂತಿ ಮೀಟುವ ಹಳೆಯ ವಾದ್ಯವನ್ನು ಅಳೆದು ನೋಡಿ ಮತ್ತೆ ಕಟ್ಟುವ ಕೆಲಸಕ್ಕೆ ಬಲ ಬಂದದ್ದು 1949ರಲ್ಲಿ ಬಾಸ್ಟನ್‌ನಲ್ಲಿ ಫ್ರಾಂಕ್ ಹಬ್ಬರ್ಡ್, ವಿಲಿಯಂ ಡೌಡ್ ಕಾರ್ಯಾಗಾರ ತೆರೆದ ಮೇಲೆ. ಅದೇ ಹೊತ್ತಿಗೆ ಹೆಚ್ಚು ಹೊತ್ತು ಓಡುವ ಎಲ್‌ಪಿ ತಟ್ಟೆಯೂ ಬಂದಿತ್ತು. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಹಿಡಿದರೆ ಹೆಚ್ಚು. ಹತ್ತು ನಿಮಿಷ ಓಡುವ, ಕೈಚಳಕ ಬೇಡುವ ಟೊಕಾಟಾ ಎಂಬ ಬಗೆಯ ರಚನೆಯನ್ನು ಅದರಲ್ಲಿ ತುಂಡರಿಸಬೇಕಿತ್ತು.

ಕಾಗದ, ವಾದ್ಯ ಎರಡೂ ಒಂದೆಡೆ ಸೇರಿದ್ದು ಹಾರ್ಪ್ಸಿಕಾರ್ಡ್ ವಾದಕ ರಾಬರ್ಟ್ ಹಿಲ್ ಅವರಲ್ಲಿ. 1987ರಲ್ಲಿ ಅಣ್ಣನ ಆ ಎರಡು ಹೊತ್ತಗೆಗಳ ಮೇಲೆಯೇ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪ್ರಬಂಧ ಬರೆದ ಅವರು, ಮುಂದೆ ಹೆನ್ಸ್‌ಲರ್ ಸಂಸ್ಥೆಯ ಸಮಗ್ರ ಬಾಖ್ ಮಾಲಿಕೆಗೆ ಆರಂಭಿಕ ಕೃತಿಗಳನ್ನು ನುಡಿಸಿದರು. ಅವರ ಸೋದರ ಕೀತ್ ಹಿಲ್ ಹಾರ್ಪ್ಸಿಕಾರ್ಡ್ ಕಟ್ಟುವ ಕಸುಬಿನವರು. ಇಲ್ಲೂ ಅಣ್ಣತಮ್ಮಂದಿರೇ!

ಒಂದು ಕೃತಿಯನ್ನು ಹತ್ತಿರದಿಂದ ನೋಡಿದರೆ ಕಷ್ಟ ಅರ್ಥವಾಗುತ್ತದೆ. ಮೊಲ್ಲರ್ ಹಸ್ತಪ್ರತಿಯಲ್ಲಿರುವ ಬಿ ಫ್ಲಾಟ್ ಕಪ್ರಿಚೊ ಎಂಬ ಸ್ವಚ್ಛಂದ ರಚನೆ, ಬಿಡಬ್ಲ್ಯೂವಿ 992, ಪ್ರೀತಿಯ ಸೋದರನ ಅಗಲಿಕೆಯ ಕುರಿತದ್ದು. ಗೆಳೆಯರು ಹೋಗಬೇಡವೆಂದು ಪುಸಲಾಯಿಸುತ್ತಾರೆ, ಪರದೇಶದಲ್ಲಿ ಏನೇನಾದೀತೆಂದು ಹೆದರಿಸುತ್ತಾರೆ, ಕೊನೆಗೆ ಅಂಚೆಗಾಡಿಯವನ ಕೊಂಬಿನ ದನಿ ಕೇಳುತ್ತದೆ. ನಡುವೆ ಎಫ್ ಮೈನರ್‌ನಲ್ಲಿ ಒಂದು ಗೋಳಾಟ. ಮಂದ್ರದಲ್ಲಿ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಕೆಲವು ಕಡೆ ಹಾಳೆಯಲ್ಲಿರುವುದು ಆ ಮಂದ್ರ ಸಾಲು ಮತ್ತು ಮೇಲೆ ಯಾವ ಸ್ವರಗಳು ಸೇರಬೇಕೆಂದು ಸೂಚಿಸುವ ಅಂಕಿಗಳು ಮಾತ್ರ. ಮೇಲಿನದ್ದನ್ನು ನುಡಿಸುವವರೇ ತುಂಬಬೇಕು. ನಮ್ಮ ಸಂಗೀತಗಾರರು ಮನೋಧರ್ಮ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದನ್ನೇ ಬೇಡುವ ಜಾಗ. ಕಛೇರಿಯಲ್ಲಾದರೆ ಆ ಕ್ಷಣಕ್ಕೆ ಹೊಳೆದದ್ದು ಸಾಕು. ಮುದ್ರಣದಲ್ಲಿ ಆ ಒಂದು ಸಲದ ಹೊಳಹು ಶಾಶ್ವತವಾಗಿ ಕೂತುಬಿಡುತ್ತದೆ.

ಶ್ರುತಿಯ ತಲೆನೋವೂ ಉಂಟು. ಆಂಡ್ರೆಯಾಸ್ ಬಾಖ್ ಪುಸ್ತಕದಲ್ಲಿರುವ ಎಫ್ ಶಾರ್ಪ್ ಮೈನರ್ ಟೊಕಾಟಾವನ್ನು ಕೆಲವು ಸ್ವರಮೇಳಗಳು ಇಂಪಾಗಿ, ಉಳಿದವು ಒರಟಾಗಿ ಕೇಳುವ ಹಳೆಯ ಮೀನ್‌ಟೋನ್ ಶ್ರುತಿ ಪದ್ಧತಿಯಲ್ಲಿ ನುಡಿಸಿದರೆ ಕಿವಿಗೆ ಚುಚ್ಚುತ್ತದೆ. ಸ್ವರಗಳ ನಡುವೆ ಸಮಾನ ಅಂತರವಿರುವ ಇಂದಿನ ಸಮಶ್ರುತಿಯಲ್ಲಿ ಅದರ ಖಾರವೇ ಇಳಿದುಹೋಗುತ್ತದೆ. ವಾದಕರು ನಡುವಿನ ದಾರಿ ಹುಡುಕುತ್ತಾರೆ. ಜತೆಗೆ, ಸ್ಟುಡಿಯೋದಲ್ಲಿ ಸೆಖೆ, ತೇವ ಸ್ವಲ್ಪ ಬದಲಾದರೂ ತಂತಿ ಜಾರುತ್ತದೆ. ಬೆಳಿಗ್ಗೆ ಹಿಡಿದ ತುಣುಕಿಗೆ ಮಧ್ಯಾಹ್ನದ ತುಣುಕು ಜೋಡಿಸಿದರೆ ಹೊಲಿಗೆ ಕಾಣುತ್ತದೆ. ಅದಕ್ಕೇ ಶ್ರುತಿ ಮಾಡುವವರು ಪಕ್ಕದಲ್ಲೇ ಕಾದಿರುತ್ತಾರೆ.

2018ರಲ್ಲಿ ಫ್ರಾನ್ಸ್‌ನ ವಾದಕ ಬೆಂಜಮಿನ್ ಅಲಾರ್ ಹಾರ್ಮೋನಿಯಾ ಮುಂಡಿ ಧ್ವನಿಮುದ್ರಣ ಸಂಸ್ಥೆಗೆ ಬಾಖ್‌ನ ಎಲ್ಲ ಕೀಲಿಮಣೆ ಕೃತಿಗಳನ್ನು ಕಾಲಾನುಕ್ರಮದಲ್ಲಿ ಧ್ವನಿಮುದ್ರಿಸತೊಡಗಿದಾಗ ಮೊದಲ ಸಂಪುಟವೇ ಎಳೆಯ ಬಾಖ್‌ನದ್ದಾಯಿತು. 2019ರಲ್ಲಿ ಮಹನ್ ಇಸ್ಫಹಾನಿ ಹೈಪೀರಿಯನ್ ಸಂಸ್ಥೆಗೆ ಬಾಖ್‌ನ ಏಳೂ ಟೊಕಾಟಾಗಳನ್ನು ನುಡಿಸಿದರು. ಆದರೂ ಪಟ್ಟಿ ಮುಗಿದಿಲ್ಲ. 2025ರ ನವೆಂಬರಿನಲ್ಲಿ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ ಟಾನ್ ಕೂಪ್‌ಮನ್ ಎರಡು ಶಕೋನ್‌ಗಳನ್ನು, ಅಂದರೆ ಮರುಕಳಿಸುವ ಮಂದ್ರ ಸಾಲಿನ ಮೇಲೆ ಬೆಳೆಯುವ ರಚನೆಗಳನ್ನು, ಆರ್ಗನ್ ಮೇಲೆ ನುಡಿಸಿದರು. ವಿದ್ವಾಂಸ ಪೀಟರ್ ವೋಲ್ನಿ ಅವು ತರುಣ ಬಾಖ್‌ನವೇ ಎಂದು ತೀರ್ಮಾನಿಸಿ, ಬಿಡಬ್ಲ್ಯೂವಿ 1178, 1179 ಎಂಬ ಸಂಖ್ಯೆ ಸಿಗುವಂತಾಗಲು ನೆರವಾದದ್ದೂ ನಕಲುಗಾರನೊಬ್ಬನ ಕೈಬರಹದ ಗುರುತೇ.