ಕೋಲಿನಿಂದ ತಿವಿದರೆ ತಿರುಗುವ ಫ್ಯಾನು

ನಮ್ಮ ನಡುಮನೆಯ ಫ್ಯಾನಿಗೆ ಒಂದು ಕಾಲದಲ್ಲಿ ವಿಚಿತ್ರ ರೋಗವಿತ್ತು. ಸ್ವಿಚ್ ಹಾಕಿದರೆ ‘ಗುಂಯ್’ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಅಪ್ಪ ಬಟ್ಟೆ ಒಣಹಾಕುವ ಬಿದಿರು ಕೋಲಿನಿಂದ ರೆಕ್ಕೆಗೊಮ್ಮೆ ತಿವಿದರೆ ಮೆಲ್ಲಗೆ ವೇಗ ಹಿಡಿಯುತ್ತಿತ್ತು. ಒಂದು ದಿನ ನಾನು ಆಚೆ ಬದಿಯಿಂದ ತಿವಿದೆ. ಫ್ಯಾನು ಉಲ್ಟಾ ತಿರುಗಿತು! ಅಜ್ಜಿ ಅಪಶಕುನ ಎಂದರು. ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ, ಕರೆಂಟ್ ಸ್ಟೋರ್ ಆಗ್ತಿಲ್ಲ’ ಎಂದ. ಕಂಡೆನ್ಸರ್ ಅಂದರೆ ಮೋಟಾರಿಗೆ ಜೋಡಿಸುವ ಪುಟ್ಟ ಕೆಪಾಸಿಟರ್. ಅವನು ರೋಗ ಪತ್ತೆ ಮಾಡಿದ್ದು ಸರಿ, ಕಾರಣ ಹೇಳಿದ್ದು ತಪ್ಪು.

ಫ್ಯಾನ್ ಕಟ್ಟುವುದು ಮಹಾ ವಿದ್ಯೆಯೇನಲ್ಲ. ಮೇನ್ ಆಫ್ ಮಾಡಿ ಟೆಸ್ಟರ್ ಹಿಡಿದು ನೋಡಿ. ಹಸಿರು ತಂತಿ ಅರ್ತಿಂಗಿಗೆ. ರಾಡಿನ ಬೋಲ್ಟಿಗೆ ಸ್ಪ್ಲಿಟ್ ಪಿನ್ ಹಾಕಿ ಅದರ ಕಾಲು ಅಗಲಿಸಿ. ಸ್ವಿಚ್ಚೂ ರೆಗ್ಯುಲೇಟರೂ ಫೇಸ್ ತಂತಿಯಲ್ಲೇ ಇರಲಿ. ಸ್ವಿಚ್ ನ್ಯೂಟ್ರಲ್‌ಗೆ ಬಿದ್ದರೆ ಫ್ಯಾನು ನಿಂತಿದ್ದರೂ ಒಳಗೆ ಶಾಕ್ ಕಾದು ಕೂತಿರುತ್ತದೆ. ಉಳಿದದ್ದು ಮೋಟಾರಿನ ಮೂರು ತಂತಿಗಳು: ಕಾಮನ್, ರನ್ನಿಂಗ್, ಸ್ಟಾರ್ಟಿಂಗ್. ಒಳಗಿರುವುದು ರನ್ನಿಂಗ್, ಸ್ಟಾರ್ಟಿಂಗ್ ಎಂಬ ಎರಡು ತಂತಿ ಸುರುಳಿಗಳು; ಎರಡಕ್ಕೂ ಸೇರಿದ ತುದಿಯೇ ಕಾಮನ್. ಕಾಮನ್ ನ್ಯೂಟ್ರಲ್‌ಗೆ, ರನ್ನಿಂಗ್ ಫೇಸ್‌ಗೆ, ರನ್ನಿಂಗ್ ಮತ್ತು ಸ್ಟಾರ್ಟಿಂಗ್ ನಡುವೆ ಕಂಡೆನ್ಸರ್. ಮಜಾ ಇರುವುದು ಈ ಕಂಡೆನ್ಸರಿನಲ್ಲಿ.

ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ ನೆನಪಿಸಿಕೊಳ್ಳಿ. ಪಾದದ ಹಲಗೆ ಮೇಲೆ ಕೆಳಗೆ ಆಡುತ್ತದೆ, ಅಷ್ಟೇ. ಚಕ್ರ ಯಾವ ಕಡೆ ತಿರುಗಬೇಕೆಂದು ಅದು ಹೇಳುವುದಿಲ್ಲ. ಅದಕ್ಕೇ ದರ್ಜಿ ಮೊದಲು ಚಕ್ರವನ್ನು ಕೈಯಿಂದ ನೂಕಿ, ಆಮೇಲೆ ತುಳಿಯುತ್ತಾನೆ. ತಪ್ಪಿದರೆ ಚಕ್ರ ಹಿಂದಕ್ಕೆ ಹೋಗಿ ದಾರ ತುಂಡಾಗುತ್ತದೆ. ಒಂದೇ ಸುರುಳಿಗೆ ಕರೆಂಟ್ ಕೊಟ್ಟ ಫ್ಯಾನೂ ಹಾಗೆಯೇ. ಅದರ ಕಾಂತಬಲ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಆಡುತ್ತದೆ. ಅಪ್ಪನ ಕೋಲು ದರ್ಜಿಯ ಕೈ.

ಉಗಿಬಂಡಿ ಕಟ್ಟಿದವರಿಗೂ ಇದೇ ತಲೆನೋವಿತ್ತು. ಅವರು ಚಕ್ರ ತಿರುಗಿಸುವ ಎಡಬಲದ ಕ್ರ್ಯಾಂಕ್‌ಗಳನ್ನು ಕಾಲು ಸುತ್ತು ಅಂತರದಲ್ಲಿ ಕೂರಿಸಿದರು. ಒಂದು ಬದಿ, ನೂಕಿದರೂ ತಿರುಗದ ‘ಸತ್ತ ಬಿಂದು’ವಿನಲ್ಲಿ ಸಿಕ್ಕಿಕೊಂಡಾಗ ಇನ್ನೊಂದು ಪೂರ್ಣ ಬಲದಿಂದ ನೂಕುತ್ತದೆ. ಕಂಡೆನ್ಸರಿನ ಕೆಲಸವೂ ಅದೇ. ಸ್ಟಾರ್ಟಿಂಗ್ ಸುರುಳಿಯ ಕರೆಂಟನ್ನು ಅದು ಹೆಚ್ಚುಕಡಿಮೆ ಕಾಲು ಆವರ್ತದಷ್ಟು ಮುಂದೆ ತಳ್ಳುತ್ತದೆ. ಸೆಕೆಂಡಿಗೆ 50 ಸಲ ಓಲಾಡುವ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಕಾಲು ಆವರ್ತವೆಂದರೆ ಸೆಕೆಂಡಿನ 200ನೇ ಒಂದು ಭಾಗ. ಅಂದರೆ ಕಂಡೆನ್ಸರ್ ಇಲ್ಲಿ ನೀರಿನ ತೊಟ್ಟಿಯಲ್ಲ, ತಾಳ ಹಾಕುವವ. ಇನ್ನೂ ಒಪ್ಪದಿದ್ದರೆ ದಾರಕ್ಕೆ ಬೀಗದ ಕೈ ಗೊಂಚಲು ಕಟ್ಟಿ ತೂಗಿಸಿ. ಅದು ಉತ್ತರ ದಕ್ಷಿಣ ಓಲಾಡುತ್ತಾ ತುದಿ ತಲುಪಿದಾಗ ಪೂರ್ವಕ್ಕೆ ಮೆಲ್ಲಗೆ ತಟ್ಟಿ. ಗೊಂಚಲು ಸುತ್ತತೊಡಗುತ್ತದೆ. ಎರಡು ಓಲಾಟ ಸೇರಿ ಒಂದು ಸುತ್ತಾಟ!

ಹೀಗೆ ಸುತ್ತುವ ಕಾಂತಬಲವನ್ನು ಲೋಹ ಬೆನ್ನಟ್ಟುತ್ತದೆಂಬ ಸುಳಿವು 1824ರಲ್ಲೇ ಸಿಕ್ಕಿತ್ತು. ಫ್ರಾನ್ಸಿನ ವಿಜ್ಞಾನಿ ಅರಾಗೊ ತಾಮ್ರದ ತಟ್ಟೆ ತಿರುಗಿಸಿದಾಗ ಅದರ ಮೇಲಿದ್ದ ದಿಕ್ಸೂಚಿ ಮುಳ್ಳೂ ಜತೆಗೆ ತಿರುಗಿತು. ಯಾಕೆಂದು ಹೇಳಲು ಫ್ಯಾರಡೆಯೇ ಬರಬೇಕಾಯಿತು. 1885ರಲ್ಲಿ ಇಟಲಿಯ ಟ್ಯೂರಿನ್‌ನ ವಿಜ್ಞಾನಿ ಗೆಲಿಲಿಯೊ ಫೆರಾರಿಸ್ ಎರಡು ಸುರುಳಿಗಳಿಂದ ಪುಟ್ಟ ಮೋಟಾರನ್ನೇ ತಿರುಗಿಸಿದ. ಆದರೆ ದಕ್ಷತೆ ಶೇ. 50 ದಾಟದೆಂದು ಲೆಕ್ಕ ಹಾಕಿ, ಇದರಿಂದ ಉಪಯೋಗವಿಲ್ಲ ಎಂದು ಕೈಬಿಟ್ಟ! ಪೇಟೆಂಟ್ 1888ರಲ್ಲಿ ಟೆಸ್ಲಾಗೆ ದಕ್ಕಿತು. ತಮಾಷೆಯೆಂದರೆ, ದೊಡ್ಡ ಮೋಟಾರುಗಳು ಫೆರಾರಿಸನ ಲೆಕ್ಕ ಸುಳ್ಳು ಮಾಡಿದವು. 75 ವ್ಯಾಟಿನ ನಮ್ಮ ಹಳೇ ಮಾದರಿ ಸೀಲಿಂಗ್ ಫ್ಯಾನು ಮಾತ್ರ ಈಗಲೂ ಅವನ ಮಿತಿಯೊಳಗೇ ಏದುಸಿರು ಬಿಡುತ್ತಿದೆ.

ಹೊಸದಾಗಿ ಕಟ್ಟಿದ ಫ್ಯಾನು ಜೋರಾಗಿ ತಿರುಗಿದರೂ ಗಾಳಿಯೇ ಬರುತ್ತಿಲ್ಲವೇ? ಕೋಣೆಯ ವಾಸ್ತು ನೋಡಿಸಬೇಡಿ. ಫೇಸ್ ತಂತಿ ರನ್ನಿಂಗ್ ಬದಲು ಸ್ಟಾರ್ಟಿಂಗ್‌ಗೆ ಬಿದ್ದಿರಬಹುದು. ಆಗ ಮುಂದೋಡಬೇಕಾದ ಸುರುಳಿಯ ಕರೆಂಟ್ ಹಿಂದಾಗಿ, ರೆಕ್ಕೆಗಳು ಗಾಳಿಯನ್ನು ಸೂರಿಗೆ ನೂಕುತ್ತವೆ.

ಇನ್ನೊಂದು ಭ್ರಮೆಯಿದೆ. 2.5 ಮೈಕ್ರೋಫ್ಯಾರಡ್ ಅಳತೆಯ ಕಂಡೆನ್ಸರ್ ಇದ್ದ ಕಡೆ 3.15ರದ್ದು ಹಾಕಿದರೆ ಫ್ಯಾನು ರಾಕೆಟ್ ಆಗುತ್ತದಂತೆ. 14 ಕಾಂತಧ್ರುವಗಳ ಮೋಟಾರಿನಲ್ಲಿ ಕಾಂತಬಲ ಸುತ್ತುವುದೇ ನಿಮಿಷಕ್ಕೆ ಸುಮಾರು 428 ಸಲ. ಫ್ಯಾನು ಅದನ್ನು ಮುಟ್ಟುವಂತೆಯೇ ಇಲ್ಲ. ಮುಟ್ಟಿದರೆ ಬೆನ್ನಟ್ಟಲು ಏನೂ ಉಳಿಯದೆ ಎಳೆತವೇ ಸೊನ್ನೆ. ದೊಡ್ಡ ಕಂಡೆನ್ಸರಿನಿಂದ ವೇಗ ತುಸು ಏರೀತು, ಜತೆಗೆ ಸುರುಳಿಯೂ ಬಿಸಿಯಾಗುತ್ತದೆ. ಫ್ಯಾನು ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದ್ದರೆ ಸಾಮಾನ್ಯವಾಗಿ ಹಳೆಯ ಕಂಡೆನ್ಸರ್ ಸೊರಗಿರುತ್ತದೆ. ಅದರ ಮೈಮೇಲೆ ಬರೆದಿರುವ ಅಂಕಿಯದ್ದನ್ನೇ ತಂದು ಹಾಕಿ.