ಕೇಳಿದಾಗೆಲ್ಲ "ಐಯಾಮ್ ಫೈನ್" ಅಂತಾಳೆ, ನನ್ನ ಸೊಸೆಗೆ ನಿಜವಾಗ್ಲೂ ಏನಾಗಿದೆ?

ಪ್ರಶ್ನೆ: ನಾನು ಮೈಸೂರಿನವಳು, ಬಾಣಂತನಕ್ಕೆ ಅಂತ ಅಟ್ಲಾಂಟಾಗೆ ಬಂದಿದೀನಿ. ಸೊಸೆ ಇಲ್ಲಿಯವಳೇ, ಬ್ಲ್ಯಾಕ್ ಹುಡುಗಿ, ಒಳ್ಳೆಯವಳು, ಭಾರೀ ಗಟ್ಟಿಗಿತ್ತಿ. ಮಗುಗೆ ಐದು ತಿಂಗಳು, ಆಗ್ಲೇ ಕೆಲಸಕ್ಕೆ ಹೋಗ್ತಾಳೆ. ರಾತ್ರಿ ಮಗು ಮಲಗಿದ್ರೂ ಇವಳು ಮಲಗಲ್ಲ, ಒಂದು ಗಂಟೆ ಹೊತ್ತಲ್ಲಿ ಎದ್ದು ಅಡುಗೆಮನೆ ಕಟ್ಟೆ ಒರೆಸ್ತಿರ್ತಾಳೆ. ಕೇಳಿದ್ರೆ "ಐಯಾಮ್ ಫೈನ್ ಅಮ್ಮಾ" ಅಂತಾಳೆ. ಅತ್ತಿದ್ದು ಒಂದಿನಾನೂ ನೋಡಿಲ್ಲ. ಇದು ಸ್ಟ್ರೆಸ್ಸಾ, ಇಲ್ಲ ಅವಳ ಸ್ವಭಾವಾನೇ ಹಿಂಗಾ?

ಉತ್ತರ: ಅಮ್ಮ, ಈ ಪ್ರಶ್ನೆ ನಂಗೆ ಬೇರೆ ಬೇರೆ ಥರ ಬರ್ತಾನೇ ಇರುತ್ತೆ, ಕಲೀಗ್ ಬಗ್ಗೆ, ಫ್ರೆಂಡ್ ಬಗ್ಗೆ, ಆದ್ರೆ ಅತ್ತೆಯೊಬ್ರು ಸೊಸೆ ಬಗ್ಗೆ ಕೇಳಿದ್ದು ಇದೇ ಮೊದಲು. ಸ್ಟ್ರೆಸ್ ಇರೋ ಸಾಧ್ಯತೆನೇ ಜಾಸ್ತಿ. ಅಳಲ್ಲ ಅನ್ನೋದನ್ನ ಲೆಕ್ಕಕ್ಕೇ ತಗೋಬೇಡಿ.

ನಾನು ನರ್ಸ್, ಸುಮಾರು ವರ್ಷದಿಂದ ಇದೇ ಊರಲ್ಲಿ ನೈಟ್ ಡ್ಯೂಟಿ. ನಮ್ಮ ಫ್ಲೋರಿನ ಸೀನಿಯರ್ ನರ್ಸ್ ಬ್ಲ್ಯಾಕ್ ಹೆಂಗಸು, ಯಾರಿಗೆ ಏನೇ ಆದ್ರೂ ಅವ್ರನ್ನೇ ಕರೆಯೋದು. ಒಂದಿನ ಬ್ರೇಕ್ ರೂಮಲ್ಲಿ ಕತ್ತು ಹಿಂದ್ಗಡೆ ಒತ್ಕೊಂಡು ಕೂತಿದ್ರು, ಏನಾಯ್ತು ಅಂದ್ರೆ ಐಯಾಮ್ ಫೈನ್. ನಾನು ಸುಮ್ನೆ ತಮಾಷೆಗೆ ಬಿಪಿ ಪಟ್ಟಿ ಸುತ್ತಿದೆ. 168/104, ತುಂಬಾನೇ ಜಾಸ್ತಿ. ಇಬ್ರೂ ಸ್ವಲ್ಪ ಹೊತ್ತು ಆ ನಂಬರನ್ನೇ ನೋಡಿದ್ವಿ, ಆಮೇಲೆ ಅವ್ರು "ಬೆಡ್ ನಾಲ್ಕರ ಡ್ರಿಪ್ ಮುಗೀತಾ ಬಂತು" ಅಂತ ಎದ್ದು ಹೊರಟೇಬಿಟ್ರು!

ನಾರ್ತ್ ಕ್ಯಾರೊಲೈನಾದಲ್ಲಿ ಶೆರಿಲ್ ವುಡ್ಸ್ ಜಿಸ್ಕೊಂಬೆ ಅಂತ ನರ್ಸಿಂಗ್ ಪ್ರೊಫೆಸರ್ ಇದಾರೆ, 2010ರಲ್ಲಿ ಅವ್ರು ಬ್ಲ್ಯಾಕ್ ಹೆಂಗಸರ ಈ ಥರದ ಗಟ್ಟಿತನಕ್ಕೆ ಸೂಪರ್‌ವುಮನ್ ಸ್ಕೀಮಾ, ಅಂದ್ರೆ ಸೂಪರ್‌ವುಮನ್ ಮನಸ್ಥಿತಿ ಅಂತ ಹೆಸರಿಟ್ರು. ಯಾವಾಗ್ಲೂ ಗಟ್ಟಿಯಾಗೇ ಕಾಣ್ಬೇಕು, ಮನಸ್ಸಲ್ಲಿರೋದನ್ನ ನುಂಗ್ಕೋಬೇಕು, ಯಾರ ಮುಂದೆನೂ ಕೈ ಚಾಚಬಾರದು, ಕೈಯಲ್ಲಿ ಏನೂ ಇಲ್ದಿದ್ರೂ ಗೆಲ್ಲಬೇಕು, ತನಗಿಂತ ಮೊದ್ಲು ಬೇರೆಯವರನ್ನ ನೋಡ್ಬೇಕು. ಇದೆಲ್ಲ ಅಜ್ಜಿಯಿಂದ ಅಮ್ಮಂಗೆ, ಅಮ್ಮನಿಂದ ಮಗಳಿಗೆ ಬಂದಿದ್ದು, ಗುಲಾಮಗಿರಿ ಕಾಲದಿಂದ ಬದುಕಿ ಉಳಿಯೋಕೆ ಬೇಕಾಗಿದ್ದ ರಕ್ಷಣೆ ಅದು. ಇವತ್ತಿಗೂ ಆಫೀಸಲ್ಲಿ ಸ್ವಲ್ಪ ದನಿ ಎತ್ತಿದ್ರೆ "ಆಂಗ್ರಿ ಬ್ಲ್ಯಾಕ್ ವುಮನ್" ಅಂತ ಹಣೆಪಟ್ಟಿ ಬೀಳುತ್ತೆ, ಹಂಗಾಗಿ ದನಿ, ಮಾತಿನ ಧಾಟಿ, ಕೂದಲು ಎಲ್ಲಾನೂ ಬೆಳಗ್ಗೆ ಬಾಗಿಲಲ್ಲೇ ಬದಲಾಯಿಸ್ಕೊಂಡು ಹೋಗ್ಬೇಕು. ಕೂದಲಾ ಅಂತೀರಾ? ಹುಟ್ಟಾ ಬಂದ ಗುಂಗುರು ಕೂದಲಿಗೋ, ಸಣ್ಣ ಸಣ್ಣ ಜಡೆಗೋ ತಾರತಮ್ಯ ಮಾಡ್ಬಾರದು ಅಂತ 2019ರಲ್ಲಿ ಕ್ಯಾಲಿಫೋರ್ನಿಯಾದವ್ರು ಕಾನೂನೇ ತರಬೇಕಾಯ್ತು, ಕ್ರೌನ್ ಆಕ್ಟ್ ಅಂತ.

ಈ ಸಣ್ಣಪುಟ್ಟದ್ದೆಲ್ಲ ದೇಹದಲ್ಲಿ ಕೂತ್ಕೊಳ್ಳುತ್ತೆ. ಮಿಷಿಗನ್ ಯೂನಿವರ್ಸಿಟಿಯ ಆರ್ಲೀನ್ ಜೆರೋನಿಮಸ್ 1992ರಲ್ಲಿ ಒಂದು ವಿಚಿತ್ರ ಲೆಕ್ಕ ತೋರಿಸಿದ್ರು. ಸಾಮಾನ್ಯವಾಗಿ ಹದಿಹರೆಯದ ತಾಯಂದಿರ ಕೂಸುಗಳಿಗೇ ಅಪಾಯ ಜಾಸ್ತಿ ಅಂತೀವಲ್ಲ, ಬ್ಲ್ಯಾಕ್ ಹೆಂಗಸರಲ್ಲಿ ಅದು ಉಲ್ಟಾ ಇತ್ತು, ಇಪ್ಪತ್ತು ದಾಟಿದವರ ಕೂಸುಗಳಿಗೇ ಜಾಸ್ತಿ. ಅಂದ್ರೆ ವಯಸ್ಸು ಇನ್ನೂ ಇಪ್ಪತ್ತರ ಚಿಲ್ಲರೆ, ಮೈ ಮಾತ್ರ ಆಗ್ಲೇ ಸವೆದಿದೆ. ಅವ್ರು ಕೊಟ್ಟ ಹೆಸರು ವೆದರಿಂಗ್, ಬಿಸಿಲು ಮಳೆಗೆ ಒಡ್ಡಿದ ಮರದ ಬಾಗಿಲು ಮೆಲ್ಲಮೆಲ್ಲಗೆ ಸೀಳು ಬಿಡುತ್ತಲ್ಲ, ಹಂಗೆ. ಸ್ಟ್ರೆಸ್ ಹಾರ್ಮೋನು ಇಳಿಯೋಕೆ ಪುರುಸೊತ್ತೇ ಸಿಗದಿದ್ರೆ ಬಿಪಿ, ಶುಗರ್, ನಿದ್ದೆ ಎಲ್ಲಾ ಒಂದೊಂದಾಗಿ ಕೆಡುತ್ತೆ.

ಹಾಗಾಗಿ ನೀವು ಅವಳ ಕಣ್ಣೀರು ಹುಡುಕಬೇಡಿ, ಅವಳು ಹೊತ್ತಲ್ಲದ ಹೊತ್ತಲ್ಲಿ ಮಾಡೋ ಕೆಲಸ ನೋಡಿ. ರಾತ್ರಿ ಒಂದು ಗಂಟೆಗೆ ಕಟ್ಟೆ ಒರೆಸೋದು, ನಿದ್ದೆಯಲ್ಲಿ ಹಲ್ಲು ಕಡಿಯೋದು, ಪದೇ ಪದೇ ತಲೆನೋವು, ಹಣೆ ಅಂಚಲ್ಲಿ ಕೂದಲು ತೆಳ್ಳಗಾಗೋದು (ಬಿಗಿ ಜಡೆಯಿಂದಾನೂ ಆಗುತ್ತೆ ಅನ್ನಿ), ಸಣ್ಣದಕ್ಕೆಲ್ಲ ರೇಗೋದು, ಕಾರು ಮನೆ ಮುಂದೆ ಬಂದ್ಮೇಲೂ ಹತ್ತು ನಿಮಿಷ ಒಳಗೇ ಕೂತಿರೋದು.

ಇನ್ನು ಸ್ವಲ್ಪ ಕಹಿ ಮಾತು, ಬೇಜಾರ್ ಮಾಡ್ಕೋಬೇಡಿ. ಊರಿಂದ ವಿಡಿಯೋ ಕಾಲ್ ಬಂದಾಗ "ಮಗು ಬಣ್ಣ ಯಾರ ಥರ ಬಂದಿದೆ", "ಕಡ್ಲೆಹಿಟ್ಟು ಹಚ್ಚಿ ನೀರು ಹಾಕಿ, ಬೆಳ್ಳಗಾಗುತ್ತೆ" ಅಂತಾರಲ್ವಾ? ಅವಳಿಗೆ ಕನ್ನಡ ಬರಲ್ಲ ಅನ್ಕೊಂಡಿರ್ತೀವಿ, ಮಾತಾಡೋರ ಮುಖ ನೋಡಿದ್ರೆ ಸಾಕು, ಅವಳಿಗೆ ಎಲ್ಲಾ ಗೊತ್ತಾಗುತ್ತೆ. ಆಫೀಸಲ್ಲಿ ಇಡೀ ದಿನ ಅದನ್ನೇ ಸಹಿಸಿ ಮನೆಗೆ ಬಂದವಳು ಅವಳು. ಆ ಫೋನನ್ನ ಅಲ್ಲೇ ತಡೆಯೋಕೆ ನಿಮ್ಮಿಂದ ಮಾತ್ರ ಸಾಧ್ಯ, ಯಾವ ಥೆರಪಿಸ್ಟೂ ಮಾಡೋಕಾಗಲ್ಲ. ಹಂಗೇ ಆ ಗಟ್ಟಿಗಿತ್ತಿ ಅನ್ನೋ ಹೊಗಳಿಕೆನೂ ಸ್ವಲ್ಪ ದಿನ ಪಕ್ಕಕ್ಕಿಡಿ, ನಮ್ಮ ಅಮ್ಮಂದಿರಿಗೂ ಅದನ್ನೇ ಹೇಳಿ ಹೇಳಿ ತಾನೇ ಮಂಡಿ ಸವೆಸಿದ್ದು. "ಏನಾದ್ರೂ ಹೆಲ್ಪ್ ಬೇಕಾ" ಅಂತ ಕೇಳಿದ್ರೆ ಬೇಡ ಅಂತಾಳೆ, ಕೇಳ್ಲೇಬೇಡಿ, ಬಾಟ್ಲಿ ತೊಳೆದಿಡಿ, ಭಾನುವಾರ ಮಗುನ ಮೂರು ಗಂಟೆ ಎತ್ಕೊಂಡು ಹೋಗಿ. ಅವಳಂಥವರ ಗುಂಗುರು ಕೂದಲು ತೊಳೆದು, ಎಣ್ಣೆ ಕ್ರೀಮು ಹಚ್ಚಿ, ಸಿಕ್ಕು ಬಿಡಿಸೋಕೆ ಅರ್ಧ ದಿನ ಹೋಗುತ್ತೆ, ಮಗು ಆದ್ಮೇಲೆ ಆ ಸಮಯಕ್ಕೇ ಮೊದ್ಲು ಕತ್ತರಿ ಬೀಳೋದು. ಸಲೂನಿಗೆ ಹೋಗ್ತೀನಿ ಅಂದ್ರೆ ಶೋಕಿ ಅನ್ಕೋಬೇಡಿ, ಅಲ್ಲಿ ಕುರ್ಚಿಲಿ ಕೂತು ಆಡೋ ಮಾತು ಬೇರೆಲ್ಲೂ ಬರಲ್ಲ.

ನಿಮ್ಮೂರಲ್ಲೇ, ಅಂದ್ರೆ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಲ್ಲಿ, 1983ರಲ್ಲಿ ಬಿಲ್ಲಿ ಏವರಿ ಅನ್ನೋರು ಬ್ಲ್ಯಾಕ್ ಹೆಂಗಸರ ಆರೋಗ್ಯದ ಬಗ್ಗೆ ದೊಡ್ಡ ಸಮ್ಮೇಳನ ಮಾಡಿದ್ರು, ಆ ಕೆಲಸದಿಂದ ಊರೂರಲ್ಲಿ ಸಣ್ಣ ಸಣ್ಣ ಗುಂಪು ಕೂತು ಮನಸ್ಸು ಬಿಚ್ಚಿ ಮಾತಾಡೋದು ಬೆಳೀತು. ಈಗ ಗರ್ಲ್‌ಟ್ರೆಕ್ ಅಂತ ದಿನಾ ಅರ್ಧ ಗಂಟೆ ನಡೆಯೋ ಗುಂಪಿದೆ. ಬ್ಲ್ಯಾಕ್ ಥೆರಪಿಸ್ಟೇ ಬೇಕು ಅಂದ್ರೆ ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್ ಅನ್ನೋ ವೆಬ್‌ಸೈಟಲ್ಲಿ ಪಟ್ಟಿ ಸಿಗುತ್ತೆ, ಅದನ್ನ ಶುರು ಮಾಡಿದ ಸೈಕಾಲಜಿಸ್ಟ್ ಜಾಯ್ ಹಾರ್ಡನ್ ಬ್ರಾಡ್‌ಫೋರ್ಡ್ ಕೂಡ ಅಟ್ಲಾಂಟಾದಲ್ಲೇ ಇರೋರು. ನೀವಾಗಿ ಹೋಗು ಹೋಗು ಅಂತ ಬಲವಂತ ಮಾಡ್ಬೇಡಿ ಮಾತ್ರ.

ಡಾಕ್ಟರ್ ಹತ್ರ ಹೋಗೋಕೆ ಹಿಂದೇಟು ಹಾಕಿದ್ರೆ ಅದಕ್ಕೂ ಕಾರಣ ಇದೆ. ಟೆನಿಸ್ ಚಾಂಪಿಯನ್ ಸೆರೆನಾ ವಿಲಿಯಮ್ಸ್‌ಗೆ 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿದಾಗ, ರಕ್ತ ಹೆಪ್ಪುಗಟ್ಟಿದೆ ಸಿಟಿ ಸ್ಕ್ಯಾನ್ ಮಾಡಿ ಅಂತ ತಾನೇ ಹೇಳಿದ್ರೂ ನೋವಿನ ಮಾತ್ರೆ ಅಮಲು ಅನ್ಕೊಂಡ್ರು, ಕೊನೆಗೆ ಸ್ಕ್ಯಾನ್ ಮಾಡಿದ್ರೆ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ತು. ಅಂಥವರ ಮಾತಿಗೇ ಈ ಗತಿ. 2023ರಲ್ಲಿ ಇಲ್ಲಿ ಲಕ್ಷ ಜನನಕ್ಕೆ ಬ್ಲ್ಯಾಕ್ ತಾಯಂದಿರ ಸಾವು 50.3, ಬಿಳಿಯರದ್ದು 14.5. ಅದಕ್ಕೇ ಜೋರು ತಲೆನೋವು, ಕಣ್ಣು ಮಂಜು, ಎದೆ ನೋವು, ಉಸಿರಾಟ ಕಷ್ಟ ಇದ್ರೆ ಸ್ಟ್ರೆಸ್ ಅಂತ ಸುಮ್ನಿರದೆ 911ಗೆ ಫೋನ್ ಮಾಡಿ, ಹೆರಿಗೆ ಆಗಿ ತಿಂಗಳುಗಟ್ಟಲೆ ಆದ್ಮೇಲೂ ಆಗಬಹುದು. ಜೊತೆಗೆ ಒಬ್ರು ಹೋಗಿ, ಅವಳು ಹೇಳಿದ್ದನ್ನ ನೀವೂ ಇನ್ನೊಂದ್ಸಲ ಹೇಳಿ. ಯಾವುದ್ರಲ್ಲೂ ಮನಸ್ಸಿಲ್ಲ, ಮಗು ಕಂಡ್ರೆ ಭಯ ಅನ್ನೋ ಥರ ಇದ್ರೆ ತಾಯಂದಿರಿಗೇ ಅಂತ ಇರೋ 1-833-852-6262 ನಂಬರಿಗೆ ಫೋನ್ ಮಾಡಿ, ಹಗಲೂ ರಾತ್ರಿ ಎತ್ತುತ್ತಾರೆ. ಜೀವ ಕಳ್ಕೊಳ್ಳೋ ಮಾತು ಬಂದ್ರೆ 988.

ಅಂದಹಾಗೆ, ಇಷ್ಟೆಲ್ಲ ಬರೆದಿರಿ, ಮಗನ ಬಗ್ಗೆ ಒಂದು ಸಾಲೂ ಇಲ್ವಲ್ಲ? ರಾತ್ರಿ ಒಂದು ಗಂಟೆಗೆ ಅವನು ಎಲ್ಲಿರ್ತಾನೆ? ನಿಮ್ಮ ರಿಟರ್ನ್ ಟಿಕೆಟ್‌ಗೆ ಮುಂಚೆ ಆ ಕಟ್ಟೆ ಒರೆಸೋ ಬಟ್ಟೆ ಅವನ ಕೈಗೆ ಕೊಡಿ.