ಮತ್ತೆ ಚೆಸ್‌ಗೆ ಕೂತವರ ತಲೆಯೊಳಗೆ

2013ರಲ್ಲಿ 1500 ರೇಟಿಂಗ್ (ಆಟದ ಬಲ ಅಳೆಯುವ ಅಂಕ) ಇದ್ದಾಗ ಚೆಸ್ ಬಿಟ್ಟವರು ಇಂದು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿದರೆ ಅಲ್ಲಿ 1700 ಎಂದಿರುತ್ತದೆ. ನಡುವೆ ಒಂದು ಆಟವನ್ನೂ ಆಡಿರಬೇಕಿಲ್ಲ. ಕೆಳಹಂತದ ರೇಟಿಂಗ್‌ಗಳು ಕುಸಿಯುತ್ತಿವೆ ಎಂದು ಫಿಡೆ 2024ರ ಮಾರ್ಚ್‌ನಲ್ಲಿ 2000ಕ್ಕಿಂತ ಕೆಳಗಿದ್ದವರ ಅಂಕವನ್ನು ಒಮ್ಮೆಲೇ ಏರಿಸಿತು. 2000ಕ್ಕೆ ಎಷ್ಟು ಕಡಿಮೆಯೋ ಅದರ ಶೇಕಡಾ 40ರಷ್ಟು ಸೇರಿಸಿತು. ವರ್ಷವಿಡೀ ಆಡದವರ ಹೆಸರಿಗೆ ನಿಷ್ಕ್ರಿಯ ಎಂಬ ಗುರುತು ಬೀಳುತ್ತದೆ ನಿಜ, ಆದರೆ ಆಡಲಿಲ್ಲವೆಂದು ಅಂಕ ಇಳಿಯುವುದಿಲ್ಲ.

ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಗ್ಲಿಕ್‌ಮನ್ ರೂಪಿಸಿದ ಗ್ಲಿಕೋ ಪದ್ಧತಿಯ ದಾರಿಯೇ ಬೇರೆ. ಅಲ್ಲಿ ಪ್ರತಿ ರೇಟಿಂಗ್‌ನ ಜೊತೆ ಅದನ್ನು ಎಷ್ಟು ನಂಬಬಹುದು ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ಆಡದೆ ದಿನ ಕಳೆದಷ್ಟೂ ಅನುಮಾನ ಹಿಗ್ಗುತ್ತದೆ. ಲಿಚೆಸ್ ಜಾಲತಾಣದಲ್ಲಿ ಆ ಅನುಮಾನದ ಸಂಖ್ಯೆ 110 ದಾಟಿದರೆ ರೇಟಿಂಗ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ನನಗೆ ಈ ಪ್ರಶ್ನಾರ್ಥಕವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಆಟ ಬಿಟ್ಟವರ ಬಲ ಎಲ್ಲ ಕಡೆ ಒಂದೇ ಸಮನೆ ತಗ್ಗಿರುವುದಿಲ್ಲ.

ಡೊಂಬಿವಲಿಯ ನಮ್ಮ ಸೊಸೈಟಿಯ ರಾಯರನ್ನೇ ನೋಡಿ. ಬ್ಯಾಂಕಿನಲ್ಲಿದ್ದಾಗ ತೊಂಬತ್ತರ ದಶಕದಲ್ಲಿ ಅಂತರ್‌ಬ್ಯಾಂಕ್ ಪಂದ್ಯಗಳಲ್ಲಿ ಆಡುತ್ತಿದ್ದವರು. ಪ್ರಮೋಷನ್, ವರ್ಗಾವಣೆ, ಎರಡು ಹೊತ್ತಿನ ಲೋಕಲ್ ಪ್ರಯಾಣ ಎಲ್ಲ ಸೇರಿ ಬೋರ್ಡು ಅಟ್ಟ ಹತ್ತಿತು. ನಿವೃತ್ತಿಯ ಮೇಲೆ ಕೆಳಗಿನ ಮಹಡಿಯ ಕುಂದಾಪುರದವರ ಮಗನೆದುರು ಆಡಲು ಕೂತರು. ಹುಡುಗನ ರಾಜನ ಸುತ್ತ ಏನೋ ಸಡಿಲವಾಗಿದೆ ಎಂದು ಅವರಿಗೆ ನೋಡಿದ ಕೂಡಲೇ ತಿಳಿಯಿತು. ಅದೇ ಹುರುಪಿನಲ್ಲಿ ಎರಡು ನಡೆ ನಡೆಸಿದ್ದರು, ಅಷ್ಟರಲ್ಲಿ ಹುಡುಗ ಕೇಳಿದ: “ಅಜ್ಜ, ನಿಮ್ಮ ಕುದುರೆ ಪುಕ್ಕಟೆ ಸಿಗ್ತಾ ಉಂಟು, ತೆಗೀಲಾ?”

ದಾಳಿಯ ಜಾಗ ಕಂಡ ಕಣ್ಣಿಗೆ ಸ್ವಂತ ಕುದುರೆ ಕಾಣದೇ ಹೋದದ್ದು ಹೇಗೆ?

ಮೊದಲರ್ಧಕ್ಕೆ ಉತ್ತರ ಹಳೆಯದು. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲೇ ಶುರು ಮಾಡಿದ ಕೆಲಸವನ್ನು 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಮುಂದುವರಿಸಿದರು. ನಿಜವಾದ ಆಟವೊಂದರ ಮಧ್ಯದ ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿ, ನೆನಪಿನಿಂದ ಮತ್ತೆ ಜೋಡಿಸಲು ಹೇಳಿದರು. ಸುಮಾರು 24 ಕಾಯಿಗಳಲ್ಲಿ ಮಾಸ್ಟರ್ ಹದಿನಾರರಷ್ಟನ್ನು ಸರಿಯಾಗಿ ಇಟ್ಟ. ಹೊಸಬನಿಗೆ ನಾಲ್ಕರಷ್ಟು ನೆನಪಾದವು. ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದಾಗ ಮಾಸ್ಟರನ ಮೇಲುಗೈಯೂ ಮಾಯವಾಯಿತು. (ಅದು ಕೇವಲ ಮೂವರ ಮೇಲೆ ನಡೆದ ಪ್ರಯೋಗ. ಅಡ್ಡಾದಿಡ್ಡಿ ಸ್ಥಿತಿಯಲ್ಲೂ ಬಲಶಾಲಿಗಳು ತುಸು ಮುಂದಿರುತ್ತಾರೆಂದು ಮುಂದೆ ಗೋಬೆ ಮತ್ತು ಸೈಮನ್ ತೋರಿಸಿದರು.) ಅಂದರೆ ಪಳಗಿದ ಆಟಗಾರ ಬಿಡಿ ಕಾಯಿ ನೋಡುವುದಿಲ್ಲ, ಕೋಟೆ ಕಟ್ಟಿದ ರಾಜ, ಅವನ ಮುಂದಿನ ಮೂರು ಪ್ಯಾದೆ, ಪಕ್ಕದ ಆನೆ ಎಲ್ಲ ಒಂದೇ ಗೊಂಚಲಾಗಿ ಕಾಣುತ್ತವೆ. ಮಾಸ್ಟರನ ತಲೆಯಲ್ಲಿ ಇಂಥ ಗೊಂಚಲುಗಳು ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಇರಬಹುದೆಂದು ಅದೇ ವರ್ಷ ಅಂದಾಜಿಸಲಾಯಿತು.

ಗೊಂಚಲುಗಳು ಎಷ್ಟು ಕಾಲ ಉಳಿಯುತ್ತವೆ? ಇಲ್ಲಿ ಚೆಸ್‌ಗಿಂತ ಭಾಷೆಯ ಕಡೆಯಿಂದ ಒಳ್ಳೆಯ ಸುಳಿವು ಸಿಗುತ್ತದೆ. ಮನಶ್ಶಾಸ್ತ್ರಜ್ಞ ಹ್ಯಾರಿ ಬಾರಿಕ್ 1984ರಲ್ಲಿ, ಶಾಲೆ-ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿತಿದ್ದ 733 ಜನರನ್ನು ಪರೀಕ್ಷಿಸಿದರು. ಕೆಲವರು ಕಲಿತು ಐವತ್ತು ವರ್ಷ ಕಳೆದಿತ್ತು. ಮೊದಲ ಮೂರರಿಂದ ಆರು ವರ್ಷ ಮರೆವು ಜೋರು. ಆಮೇಲೆ ಸುಮಾರು ಮೂವತ್ತು ವರ್ಷ ಹೆಚ್ಚೇನೂ ಸೋರುವುದಿಲ್ಲ. ಮುಂಬೈಯ ಪಾಲಿಕೆ ಶಾಲೆಗಳಲ್ಲಿ ಕನ್ನಡ ಕಲಿತು, ಬಳಿಕ ಮರಾಠಿ-ಹಿಂದಿಯಲ್ಲೇ ಬದುಕು ಸಾಗಿಸಿದವರು ಊರಿನ ಬಸ್ಸಿನ ಬೋರ್ಡನ್ನು ತಡವರಿಸದೆ ಓದುವುದನ್ನು ಕಂಡಿದ್ದೀರಲ್ಲ, ಪತ್ರ ಬರೆಯಿರಿ ಅಂದರೆ ತಡವರಿಸುತ್ತಾರೆ. ಚೆಸ್‌ನಲ್ಲೂ ಹೀಗೇ ಇರಬೇಕು ಎಂಬುದು ನನ್ನ ಊಹೆ: ಗುರುತಿಸುವುದು ಉಳಿಯುತ್ತದೆ, ಕಟ್ಟಿ ನೋಡುವುದು ಸೊರಗುತ್ತದೆ.

ತೊಂದರೆ ಇಲ್ಲೇ ಇದೆ. ಗುರುತು ಹತ್ತಿದ್ದು ಹತ್ತದ್ದನ್ನು ಮರೆಮಾಡುತ್ತದೆ. ಸಂಶೋಧಕರಾದ ಬಿಲಾಲಿಚ್, ಮೆಕ್‌ಲಿಯೋಡ್, ಗೋಬೆ 2008ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಈ ವಿಷಯದಲ್ಲೇ ಅತ್ಯಂತ ಇಷ್ಟವಾದದ್ದು. ಮಂತ್ರಿಯನ್ನು ಬಲಿಕೊಟ್ಟು ಕುದುರೆಯಿಂದ ಮೇಟ್ ಮಾಡುವ, ಎಲ್ಲರಿಗೂ ಗೊತ್ತಿರುವ ತಂತ್ರವೊಂದಿದೆ. ಅದು ಸಾಧ್ಯವಿದ್ದ ಸ್ಥಿತಿಯನ್ನು ನುರಿತ ಆಟಗಾರರ ಮುಂದಿಟ್ಟರು. ಅದಕ್ಕಿಂತ ಚಿಕ್ಕ ದಾರಿಯೂ ಅಲ್ಲೇ ಇತ್ತು. ಆಟಗಾರರು ‘ಇನ್ನೂ ಚೆನ್ನಾದದ್ದು ಹುಡುಕುತ್ತಿದ್ದೇವೆ’ ಎಂದರು. ಕಣ್ಣಿನ ಚಲನೆ ದಾಖಲಿಸುವ ಯಂತ್ರ ಬೇರೆಯೇ ಹೇಳಿತು: ದೃಷ್ಟಿ ಪರಿಚಿತ ತಂತ್ರದ ಮನೆಗಳನ್ನೇ ಸುತ್ತುತ್ತಿತ್ತು. ಅವರು ಸುಳ್ಳು ಹೇಳಿರಲಿಲ್ಲ, ಹುಡುಕುತ್ತಿದ್ದೇವೆಂದೇ ನಂಬಿದ್ದರು.

ರೂಢಿಯಲ್ಲಿರುವವರಿಗೇ ಹೀಗಾದರೆ ಬಿಟ್ಟು ಬಂದವರ ಪಾಡು ಹೇಳಬೇಕಿಲ್ಲ. ವಯಸ್ಸಿನ ಜೊತೆ ಲೆಕ್ಕಾಚಾರದ ವೇಗವೂ ತಗ್ಗುತ್ತದೆ. 1996ರಲ್ಲಿ ವಿಶ್ವ ಚಾಂಪಿಯನ್ ಕಾರ್ಪೋವ್‌ಗೆ ಸೋತು ಆಟ ಬಿಟ್ಟ ಗ್ರ್ಯಾಂಡ್‌ಮಾಸ್ಟರ್ ಗಾಟಾ ಕಾಮ್‌ಸ್ಕಿ ಕಾನೂನು ಓದಿ, 2004ರಲ್ಲಿ ಮರಳಿ 2007ರ ವಿಶ್ವಕಪ್ ಗೆದ್ದರು. ಮರಳಿದಾಗ ಅವರಿಗಿನ್ನೂ ಮೂವತ್ತು. ನಿವೃತ್ತರಾಗಿದ್ದ ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ 2017ರಲ್ಲಿ ಸೇಂಟ್ ಲೂಯಿಯಲ್ಲಿ ರ್‍ಯಾಪಿಡ್ ಮತ್ತು ಬ್ಲಿಟ್ಜ್ ಎಂಬ ವೇಗದ ಆಟಗಳನ್ನಾಡಿ ಹತ್ತು ಜನರಲ್ಲಿ ಎಂಟನೆಯವರಾದರು, ಅವರಿಗೆ 54. ಈ ಎರಡರಿಂದಲೇ ಸಿದ್ಧಾಂತ ಕಟ್ಟಲಾಗದು, ಆದರೂ ವೇಗದ ಆಟ ಮರಳುವವರಿಗೆ ಒಳ್ಳೆಯ ಬಾಗಿಲಲ್ಲ ಎನ್ನುತ್ತೇನೆ.

ಹಳಬರಿಗೆ ಇನ್ನೊಂದು ಪೇಚು. ನಡೆ ಹೊಳೆದ ಕೂಡಲೇ ಮೊದಲು ನಡೆ ದಾಖಲಿಸುವ ಹಾಳೆಯಲ್ಲಿ ಬರೆ, ಬೋರ್ಡನ್ನು ಹೊಸದಾಗಿ ನೋಡು, ಆಮೇಲೆ ಕಾಯಿ ಮುಟ್ಟು ಎಂದು ರಾಯರ ಕಾಲದಲ್ಲಿ ಕಲಿಸುತ್ತಿದ್ದರು. ಪರಿಚಿತ ನಡೆಯ ಮೋಹಕ್ಕೆ ಅದೊಂದು ಸೊಗಸಾದ ತಡೆ. 2005ರ ಜುಲೈನಿಂದ ಫಿಡೆ ನಿಯಮ ಅದನ್ನು ನಿಷೇಧಿಸಿದೆ. ನಡೆಸಿದ ಮೇಲೆಯೇ ಬರೆಯಬೇಕು. ಹಾಗಾಗಿ ಆ ತಡೆಯನ್ನು ಮನಸ್ಸಿನಲ್ಲೇ ಹಾಕಿಕೊಳ್ಳಬೇಕು: ನಡೆಸುವ ಮುನ್ನ ಎದುರಾಳಿಯ ಶಹಗಳೆಷ್ಟು, ಹೊಡೆತಗಳೆಷ್ಟು ಎಂದು ಎಣಿಸುವುದು. ಒಂದು ದಿನದಲ್ಲಿ ಮುಗಿಯುವ ರ್‍ಯಾಪಿಡ್‌ನಲ್ಲಿ ಇದಕ್ಕೆ ಪುರಸೊತ್ತು ಕಷ್ಟ. ಒಂದೂವರೆ ಗಂಟೆ, ಜೊತೆಗೆ ನಡೆಗೆ ಮೂವತ್ತು ಸೆಕೆಂಡ್ ಸೇರುವ ಪಂದ್ಯದಲ್ಲಿ ಧಾರಾಳವಾಗಿ ಆಗುತ್ತದೆ. ಅಲ್ಲಿ ಕೊನೆಯವರೆಗೂ ನಡೆ ಬರೆಯುವುದು ಕಡ್ಡಾಯ, ಪೆನ್ನು ಮರೆಯಬಾರದು.